‘ಇಕಾಲಜಿ’ಗೆ ಹೆಸರಿಟ್ಟ ಹೆಕೆಲ್

ಅಣೆಕಟ್ಟು, ಗಣಿ, ಹೆದ್ದಾರಿ ಯಾವುದರ ಸುದ್ದಿಯೇ ಆಗಲಿ, ಇಂದು ಅದರಲ್ಲಿ ‘ಇಕಾಲಜಿ’ ಎಂಬ ಪದ ಇಣುಕದೆ ಇರುವುದು ಅಪರೂಪ. ಈ ಪದವನ್ನು ಟಂಕಿಸಿದವರು ಜರ್ಮನಿಯ ಪ್ರಾಣಿವಿಜ್ಞಾನಿ ಅರ್ನ್ಸ್ಟ್ ಹೆಕೆಲ್. ಅಚ್ಚರಿಯೆಂದರೆ, ತಾವೇ ಹೆಸರಿಟ್ಟ ಶಾಸ್ತ್ರದಲ್ಲಿ ಅವರು ಹೆಚ್ಚೇನೂ ಕೆಲಸ ಮಾಡಲಿಲ್ಲ.

1834ರ ಫೆಬ್ರುವರಿ 16ರಂದು ಪಾಟ್ಸ್‌ಡಾಮ್‌ನಲ್ಲಿ ಜನಿಸಿದ ಹೆಕೆಲ್, ಹೆತ್ತವರ ಒತ್ತಾಸೆಗೆ ಮಣಿದು ವೈದ್ಯರಾದರು. ಆದರೆ ರೋಗಿಗಳ ಸಹವಾಸ ಅವರಿಗೆ ಹಿಡಿಸಲಿಲ್ಲ. 1859ರಲ್ಲಿ ಇಟಲಿಗೆ ತೆರಳಿದರು. ಮೆಸ್ಸಿನಾದ ಕಡಲ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಗಾಜಿನ ಕುಸುರಿಯಂತಹ ಅಸ್ಥಿಪಂಜರವುಳ್ಳ ರೇಡಿಯೋಲೇರಿಯಾ ಎಂಬ ಏಕಕೋಶ ಜೀವಿಗಳು. ಊರಿಗೆ ಮರಳಿದ ಮೇಲೆ ಡಾರ್ವಿನ್ನರ ವಿಕಾಸವಾದದ ಗ್ರಂಥವನ್ನು ಓದಿ ಅದರ ಕಟ್ಟಾ ಪ್ರತಿಪಾದಕರಾದರು. 1862ರಲ್ಲಿ ರೇಡಿಯೋಲೇರಿಯಾ ಕುರಿತ ಗ್ರಂಥ ಹೊರಬಂತು. ಅದೇ ವರ್ಷ ಯೇನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಬಂಧುವೂ ಆಗಿದ್ದ ಅನ್ನಾ ಸೇಥೆಯೊಂದಿಗೆ ವಿವಾಹವೂ ನೆರವೇರಿತು.

ಆ ಸುಖ ಎರಡು ವರ್ಷವೂ ಬಾಳಲಿಲ್ಲ. 1864ರ ಫೆಬ್ರುವರಿ 16ರಂದು, ಹೆಕೆಲ್‌ಗೆ ಮೂವತ್ತು ತುಂಬಿದ ದಿನವೇ, ಅನ್ನಾ ತೀರಿಕೊಂಡರು. ಅವರ ಸಂಶೋಧನೆಗೆ ಗೌರವ ಪದಕ ಸಂದ ದಿನವೂ ಅದೇ. ಆಘಾತದಿಂದ ಹಾಸಿಗೆ ಹಿಡಿದ ಹೆಕೆಲ್, ಚೇತರಿಸಿಕೊಂಡ ಮೇಲೆ ದುಃಖವನ್ನು ದುಡಿಮೆಯಲ್ಲಿ ಮುಳುಗಿಸಿದರು. ಬಹುಕಾಲದ ನಂತರವೂ ಸುಂದರವಾದ ಜೆಲ್ಲಿ ಮೀನೊಂದಕ್ಕೆ ಅನ್ನಾಳ ಹೆಸರನ್ನೇ ಇಟ್ಟರು.

ಆ ದುಡಿಮೆಯ ಫಲವಾಗಿ 1866ರಲ್ಲಿ ಬಂದದ್ದು ಜೀವಿಗಳ ರೂಪವಿಜ್ಞಾನ ಕುರಿತ ಎರಡು ಸಂಪುಟಗಳ ಬೃಹತ್ ಗ್ರಂಥ. ಅದರ ತುಂಬ ಹೊಸ ಪದಗಳದ್ದೇ ಮೆರವಣಿಗೆ. ಹಲವು ಪುಸ್ತಕದಲ್ಲೇ ಸತ್ತವು. ಫೈಲಮ್, ಫೈಲೋಜೆನಿ, ಪ್ರೊಟಿಸ್ಟಾ ಮುಂತಾದವು ಉಳಿದವು. ಅವುಗಳ ನಡುವೆ ಇಕಾಲಜಿಯೂ ಇತ್ತು. ಗ್ರೀಕ್‌ನ ‘ಓಯ್ಕೋಸ್’ ಎಂದರೆ ಮನೆ. ಎಕನಾಮಿಕ್ಸ್ ಎಂಬ ಪದದ ಬೇರೂ ಅದೇ. ಜೀವಿಯು ತನ್ನ ನೆಲ, ಹವೆ, ನೆರೆಹೊರೆಯ ಜೀವಿಗಳೊಂದಿಗೆ ಹೊಂದಿರುವ ಸಂಬಂಧಗಳ ಅಧ್ಯಯನ, ಅಂದರೆ ನಿಸರ್ಗದ ಮನೆವಾರ್ತೆಯ ಲೆಕ್ಕ, ಎಂಬುದು ಹೆಕೆಲ್ ಕೊಟ್ಟ ಅರ್ಥ. ಡಾರ್ವಿನ್ ವಿವರಿಸಿದ ಬದುಕಿನ ಹೋರಾಟಕ್ಕೆ ಇಂತಹದೊಂದು ಶಾಸ್ತ್ರ ಬೇಕಿತ್ತು. ಕನ್ನಡದ ‘ಪರಿಸರ ವಿಜ್ಞಾನ’ದಲ್ಲಿ ಸುತ್ತಮುತ್ತಲು ಎಂಬ ಅರ್ಥ ಬಂದಿದೆ, ಮನೆ ಮಾತ್ರ ಬಿಟ್ಟುಹೋಗಿದೆ.

ಆ ಗ್ರಂಥವನ್ನು ಓದಿದವರು ಕಡಿಮೆ. ಹೆಕೆಲ್‌ಗೆ ಖ್ಯಾತಿ ತಂದದ್ದು 1868ರಲ್ಲಿ ಜನಸಾಮಾನ್ಯರಿಗಾಗಿ ಬರೆದ ಸೃಷ್ಟಿಯ ಇತಿಹಾಸ. ಕಳಂಕ ತಂದದ್ದೂ ಅದೇ. ನಾಯಿ, ಕೋಳಿ, ಆಮೆಗಳ ಭ್ರೂಣಗಳೆಂದು ಅದರಲ್ಲಿ ಒಂದೇ ಅಚ್ಚಿನ ಚಿತ್ರವನ್ನು ಮೂರು ಬಾರಿ ಮುದ್ರಿಸಲಾಗಿತ್ತು. ಮುಂದೆ ಅದನ್ನು ತಿದ್ದಿದರೂ ವಂಚನೆಯ ಆರೋಪ ಅವರ ಬೆನ್ನು ಬಿಡಲಿಲ್ಲ. ಅದಕ್ಕಿಂತ ಘೋರವಾದದ್ದು, ಮನುಷ್ಯ ಜನಾಂಗಗಳನ್ನು ಮೇಲು-ಕೀಳೆಂದು ಅವರು ಶ್ರೇಣೀಕರಿಸಿದ್ದು. ಅದು ಕಾಲದ ದೋಷವೆಂದು ತಳ್ಳಿಹಾಕುವಷ್ಟು ಸಣ್ಣ ಸಂಗತಿಯಲ್ಲ. ವಿಜ್ಞಾನದ ಮುದ್ರೆಯೊತ್ತಿ ಅದನ್ನು ಹರಡಿದವರಲ್ಲಿ ಹೆಕೆಲ್ ಪ್ರಮುಖರು.

ಇತ್ತ ಅವರಿಟ್ಟ ಹೆಸರಿಗೆ ಜೀವ ತುಂಬಿದವರು ಬೇರೆಯವರು. 1877ರಲ್ಲಿ ಕಾರ್ಲ್ ಮೋಬಿಯಸ್ ಸಿಂಪಿಗಳ ನೆಲೆಯನ್ನು ಪರಿಶೀಲಿಸಿ ಜೀವಿಸಮುದಾಯದ ಕಲ್ಪನೆ ಮುಂದಿಟ್ಟರು. 1895ರಲ್ಲಿ ಡೆನ್ಮಾರ್ಕಿನ ವಾರ್ಮಿಂಗ್ ಸಸ್ಯ ಸಮುದಾಯಗಳ ಬಗ್ಗೆ ಬರೆದರು. ಜೀವಿಗಳ ಜತೆಗೆ ಮಣ್ಣು, ಹವೆಗಳನ್ನೂ ಒಂದೇ ವ್ಯವಸ್ಥೆಯಾಗಿ ಕಾಣುವ ‘ಇಕೋಸಿಸ್ಟಮ್’ ಪದವನ್ನು ಬ್ರಿಟನ್ನಿನ ಟಾನ್ಸ್‌ಲಿ ಬಳಕೆಗೆ ತಂದದ್ದು 1935ರಲ್ಲಿ.

ಹೆಕೆಲ್ ಮಾತ್ರ ತಮ್ಮ ಕಡಲ ಜೀವಿಗಳನ್ನು ಬಿಡಲಿಲ್ಲ. 1881ರಲ್ಲಿ ಮುಂಬೈ ಮಾರ್ಗವಾಗಿ ಸಿಂಹಳಕ್ಕೆ ಬಂದು, ವೆಲಿಗಾಮದ ಪ್ರವಾಸಿ ಬಂಗಲೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ‘ಚಾಲೆಂಜರ್’ ಹಡಗು ಸಂಗ್ರಹಿಸಿದ್ದ ರೇಡಿಯೋಲೇರಿಯಾಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೊಸ ಪ್ರಭೇದಗಳನ್ನು 1887ರಲ್ಲಿ ವರ್ಣಿಸಿದರು. ನಿಸರ್ಗದ ಕಲಾರೂಪಗಳನ್ನು ತೋರುವ ಅವರ ನೂರು ಚಿತ್ರಫಲಕಗಳು 1899ರಿಂದ 1904ರವರೆಗೆ ಕಂತುಗಳಲ್ಲಿ ಪ್ರಕಟವಾದವು.

1909ರಲ್ಲಿ ನಿವೃತ್ತರಾದ ಹೆಕೆಲ್, 1919ರ ಆಗಸ್ಟ್ 9ರಂದು ಯೇನಾದ ತಮ್ಮ ಮನೆಯಲ್ಲಿ ನಿಧನರಾದರು. ಆ ಮನೆಗೆ ಅವರು ಇಟ್ಟಿದ್ದ ಹೆಸರು ವಿಲ್ಲಾ ಮೆಡೂಸಾ. ಜೀವವಿಜ್ಞಾನದಲ್ಲಿ ಮೆಡೂಸಾ ಎಂದರೆ ಜೆಲ್ಲಿ ಮೀನು.