ಹಡಗಿನ ಹೆಸರಿನ ಹುಡುಗಿ



ಹೋದ ಸಲ ಈ ಗೋಡೆ ಪತ್ರಿಕೆಗೆ ನಾನೊಂದು ಪದ್ಯ ಕೊಟ್ಟಿದ್ದೆ. ಓದಿದವರೊಬ್ಬರು, ಯಾರ ಹತ್ರ ಬರೆಸಿಕೊಂಡು ಬಂದೆ ಅಂತ ಕೇಳಿಬಿಟ್ಟರು. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಫಿಲ್ಲಿಸ್ ವೀಟ್ಲಿ ಎಂಬ ಕವಯಿತ್ರಿಯ ಜೀವನ ಓದಿದೆ. ನನ್ನ ದುಃಖ ಎಷ್ಟು ಸಣ್ಣದು ಅಂತ ಗೊತ್ತಾಯಿತು. ಅದನ್ನೇ ನಿಮಗೂ ಹೇಳುತ್ತೇನೆ.

ಫಿಲ್ಲಿಸ್ ಹುಟ್ಟಿದ್ದು ಸುಮಾರು 1753ರಲ್ಲಿ, ಪಶ್ಚಿಮ ಆಫ್ರಿಕಾದಲ್ಲಿ. ಆ ಕಾಲದಲ್ಲಿ ಅಲ್ಲಿಯ ಜನರನ್ನು ಹಿಡಿದು, ಹಡಗಿನಲ್ಲಿ ತುಂಬಿ, ಅಮೆರಿಕದಲ್ಲಿ ದನಗಳ ಹಾಗೆ ಮಾರುತ್ತಿದ್ದರು. 1761ರಲ್ಲಿ ಈ ಹುಡುಗಿಯನ್ನೂ ಬಾಸ್ಟನ್ ಪಟ್ಟಣಕ್ಕೆ ತಂದರು. ಮುಂದಿನ ಹಲ್ಲು ಬಿದ್ದಿದ್ದವು. ಅದನ್ನು ನೋಡಿ ಏಳೆಂಟು ವರ್ಷ ಇರಬಹುದು ಅಂತ ಲೆಕ್ಕ ಹಾಕಿದರು. ಜಾನ್ ವೀಟ್ಲಿ ಎಂಬುವನು ತನ್ನ ಹೆಂಡತಿಯ ಸೇವೆಗೆಂದು ಅವಳನ್ನು ಕೊಂಡುಕೊಂಡ. ಅವಳನ್ನು ಹೊತ್ತು ತಂದ ಹಡಗಿನ ಹೆಸರು ಫಿಲ್ಲಿಸ್. ಅದನ್ನೇ ಅವಳಿಗೂ ಇಟ್ಟರು. ಹೆತ್ತ ತಾಯಿ ಅವಳನ್ನು ಏನಂತ ಕರೆಯುತ್ತಿದ್ದಳೋ, ಎಲ್ಲಿಯೂ ಬರೆದಿಲ್ಲ.

ಆ ಮನೆಯ ಮಗಳು ಮೇರಿ ಅವಳಿಗೆ ಓದು ಕಲಿಸಿದಳು. ಹದಿನಾರೇ ತಿಂಗಳಲ್ಲಿ ಬೈಬಲ್ಲಿನ ಕಷ್ಟದ ಭಾಗಗಳನ್ನೂ ಓದತೊಡಗಿದಳು. ಲ್ಯಾಟಿನ್ ಭಾಷೆಯನ್ನೂ ಕಲಿತಳು. 1767ರಲ್ಲಿ ಅವಳ ಪದ್ಯವೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವಳಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು!

ಆದರೆ ಗುಲಾಮಳಾದ ಕಪ್ಪು ಹುಡುಗಿ ಕವಿತೆ ಬರೆಯುತ್ತಾಳೆ ಅಂದರೆ ನಂಬುವವರು ಯಾರು? ಬಾಸ್ಟನ್ನಿನಲ್ಲಿ ಪುಸ್ತಕ ಮಾಡಬೇಕೆಂದರೆ ಆಗಲಿಲ್ಲ. 1772ರಲ್ಲಿ ಗವರ್ನರ್ ಸೇರಿ ಊರಿನ 18 ಮಂದಿ ದೊಡ್ಡ ಮನುಷ್ಯರು, ಈ ಪದ್ಯಗಳು ಅವಳವೇ ಎಂದು ಸಹಿ ಹಾಕಿಕೊಡಬೇಕಾಯಿತು. ಮರುವರ್ಷ ಲಂಡನ್ನಿನಲ್ಲಿ ಪುಸ್ತಕ ಬಂತು. ಆ ಸಹಿಪತ್ರವನ್ನೂ ಅದರಲ್ಲೇ ಅಚ್ಚು ಹಾಕಿದರು. ಆಫ್ರಿಕಾ ಮೂಲದ ಅಮೆರಿಕನ್ನರ ಮೊದಲ ಕವನ ಸಂಕಲನ ಅದೇ.

ಬೇಡಿಕೊಳ್ಳುವ ಪದ್ಯಗಳಲ್ಲ ಅವು. ಕಪ್ಪು ಬಣ್ಣವನ್ನು ಹೀಗಳೆಯುವವರಿಗೆ, ತನ್ನ ಜನಕ್ಕೂ ಸ್ವರ್ಗದಲ್ಲಿ ಜಾಗವಿದೆ ಎಂದು ಒಂದರಲ್ಲಿ ನೆನಪಿಸುತ್ತಾಳೆ. ಇಂಗ್ಲೆಂಡಿನ ಮಂತ್ರಿ ಡಾರ್ಟ್‌ಮತ್‌ಗೆ ಬರೆದ ಪದ್ಯದಲ್ಲಿ, ತನ್ನನ್ನು ಕಸಿದುಕೊಂಡು ಹೋದಾಗ ಅಪ್ಪನ ಎದೆ ಎಷ್ಟು ಉರಿದಿರಬೇಕು ಎನ್ನುತ್ತಾಳೆ. ಸ್ವಾತಂತ್ರ್ಯದ ಬೆಲೆ ತನಗೆ ತಿಳಿದದ್ದು ಹಾಗೆ ಎಂದು ಹೇಳುತ್ತಾಳೆ. ಇದನ್ನು ಓದುವಾಗ ನನಗೆ ಗಂಟಲು ಕಟ್ಟಿತು.

ಪುಸ್ತಕ ಬಂದ ಮೇಲೆ ಅವಳಿಗೆ ಬಿಡುಗಡೆ ಸಿಕ್ಕಿತು. ಜಾರ್ಜ್ ವಾಷಿಂಗ್ಟನ್ನರೇ ಅವಳ ಪದ್ಯ ಮೆಚ್ಚಿ 1776ರಲ್ಲಿ ಪತ್ರ ಬರೆದರು. ಆದರೆ ಮುಂದೆ ರಾಷ್ಟ್ರಪತಿಯಾದ ಜೆಫರ್ಸನ್ ಅವಳನ್ನು ಕವಿಯೆಂದೇ ಒಪ್ಪಲಿಲ್ಲ. 1778ರಲ್ಲಿ ಜಾನ್ ಪೀಟರ್ಸ್ ಎಂಬ ಕಪ್ಪು ಮನುಷ್ಯನನ್ನು ಮದುವೆಯಾದಳು. ಬಡತನ ಬಿಡಲಿಲ್ಲ. ಎರಡನೇ ಪುಸ್ತಕಕ್ಕೆ ಹಣ ಕೊಡುವವರು ಸಿಗಲಿಲ್ಲ. 1784ರ ಡಿಸೆಂಬರ್ 5ರಂದು, ಸುಮಾರು 31ನೇ ವಯಸ್ಸಿಗೆ ತೀರಿಕೊಂಡಳು.

ದಾಸ್ಯದಲ್ಲಿಟ್ಟಿದ್ದ ಅದೇ ಬಾಸ್ಟನ್ನಿನಲ್ಲಿ 2003ರಲ್ಲಿ ಅವಳ ಪ್ರತಿಮೆ ನಿಲ್ಲಿಸಿದರು. ಅವಳ ಪದ್ಯಗಳಿಗೆ ಈಗ ಯಾರ ಸಹಿಯೂ ಬೇಕಿಲ್ಲ.

ಗೆಳೆಯರೇ, ಈ ಸಲವೂ ನಾನೊಂದು ಪದ್ಯ ಬರೆದಿದ್ದೇನೆ. ಪಕ್ಕದ ಹಾಳೆಯಲ್ಲಿದೆ, ಓದಿ. ನಾನೇ ಬರೆದದ್ದು.