ಶೇಷಾದ್ರಿ ಅಯ್ಯರ್ ಮತ್ತು ನನ್ನ ಸ್ಮಾರ್ಟ್ ಬಲ್ಬು

ಚಾಮರಾಜಪೇಟೆಯ ನನ್ನ ಬಾಡಿಗೆ ಮನೆಯಲ್ಲಿ ಮಟಮಟ ಮಧ್ಯಾಹ್ನವೂ ಲೈಟು ಹಾಕಬೇಕು. ಪಕ್ಕದ ಕಟ್ಟಡದ ಗೋಡೆ ಕಿಟಕಿಗೆ ಅಂಟಿಕೊಂಡಂತಿದೆ. ಇಂಜಿನಿಯರಿಂಗ್ ಓದಿದ ತಪ್ಪಿಗೆ ಸೆನ್ಸರ್, ಮೊಬೈಲಿನಿಂದಲೇ ಆರಿಸುವ ಬಲ್ಬು ಎಲ್ಲಾ ಹಾಕಿಸಿದ್ದೇನೆ. ಬಿಲ್ಲು ಸ್ವಲ್ಪ ಇಳಿದಿದೆ, ಕತ್ತಲು ಹಾಗೇ ಇದೆ. ಆಗೆಲ್ಲ ನೆನಪಾಗೋದು ಈ ಬಡಾವಣೆ ಹುಟ್ಟಿದಾಗ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್.

1845ರಲ್ಲಿ ಪಾಲಕ್ಕಾಡ್ ಕಡೆ ಹುಟ್ಟಿದ ಅಯ್ಯರ್, ಇಪ್ಪತ್ತರ ಹರೆಯದಲ್ಲಿ ನೌಕರಿಗೆಂದು ಮೈಸೂರು ಸಂಸ್ಥಾನಕ್ಕೆ ಬಂದರು. ರಂಗಾಚಾರ್ಲು ತೀರಿಕೊಂಡ ಮೇಲೆ, 1883ರಲ್ಲಿ ದಿವಾನರಾಗಿ 18 ವರ್ಷ ಆಡಳಿತ ನಡೆಸಿದರು. 1892ರಲ್ಲಿ ಚಾಮರಾಜಪೇಟೆ ಎದ್ದಿತು. ಆಮೇಲೆ ಹೆಸರಘಟ್ಟದ ನೀರು ಬಂತು.

1898ರಲ್ಲಿ ಪ್ಲೇಗು ಬಡಿಯಿತು. ಗಾಳಿ ಬೆಳಕಿಲ್ಲದ ಹಳೇ ಪೇಟೆಯ ಇಕ್ಕಟ್ಟೇ ಜನರಿಗೆ ಮುಳುವಾಯಿತು. ಅದಕ್ಕೆ ಉತ್ತರವಾಗಿ ಬಂದದ್ದು ಬಸವನಗುಡಿ, ಮಲ್ಲೇಶ್ವರಂ: ಅಗಲವಾದ ನೇರ ರಸ್ತೆ, ಸುತ್ತ ಜಾಗ ಬಿಟ್ಟ ಮನೆ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಪ್ಲೇಗು ನಿಯಂತ್ರಣದ ಕೆಲಸಕ್ಕಾಗಿ ಊರಿಗೆ ಟೆಲಿಫೋನ್ ತಂತಿಯೂ ಬಂತು. ನಾವಿಂದು ಕನೆಕ್ಟೆಡ್ ಅನ್ನೋದರ ಮುತ್ತಜ್ಜ ಅದು.

ಶಿವನಸಮುದ್ರದ ವಿದ್ಯುತ್ ಯೋಜನೆಗೂ ಅವರೇ ಬೆನ್ನೆಲುಬು. ಆದರೆ ಕರೆಂಟು ನೋಡುವ ಭಾಗ್ಯ ಅವರಿಗಿರಲಿಲ್ಲ. 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 1902ರಲ್ಲಿ ಆ ಕರೆಂಟು ಮೊದಲು ಹೋದದ್ದು ಬ್ರಿಟಿಷ್ ಕಂಪನಿಗಳ ಕೋಲಾರ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ.

ಹಾಗಂತ ಅವರನ್ನು ದೇವರು ಮಾಡೋದು ಬೇಡ. ಹೊಸ ಬಡಾವಣೆಗಳ ಸೈಟುಗಳನ್ನು ಜಾತಿವಾರು ವಿಂಗಡಿಸಿದ್ದರು. ಗಾಳಿ ಬೆಳಕು ನಕ್ಷೆಯೊಳಗೇ ಬಂತು, ಬೇಲಿಯೂ ನಕ್ಷೆಯೊಳಗೇ ಬಂತು.

ಈಗ ಬಿಸಿಲಿಗೆ ತಾನೇ ಮಬ್ಬಾಗುವ ಗಾಜು ಬಂದಿದೆ. ಜನ ಇಲ್ಲದಾಗ ಏಸಿ ನಿಲ್ಲಿಸುವ ಸೆನ್ಸರ್ ಬಂದಿದೆ. ಒಳ್ಳೆಯದೇ. ಆದರೆ ಬಿಸಿಲೇ ಬೀಳದ ಕಿಟಕಿಗೆ ಆ ಗಾಜು ಏನು ಮಾಡೀತು? 2007ರ ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ರೂಪುಗೊಂಡದ್ದೇ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ. 2018ರಲ್ಲಿ ವಸತಿ ಕಟ್ಟಡಗಳಿಗೂ ಒಂದು ಸಂಹಿತೆ ಬಂತು. ಎರಡು ಮನೆಗಳ ನಡುವೆ ಜಾಗ ಬಿಡಿಸದೆ, ಪ್ರತಿ ಮನೆಗೂ ಒಂದು ಗ್ಯಾಜೆಟ್ ಮಾರಿದರೆ ಅದು ಉಳಿತಾಯವಲ್ಲ, ವ್ಯಾಪಾರ ಅಷ್ಟೇ.

ಅಯ್ಯರ್ ಕಾಲದ ಪಾಠ ಇಷ್ಟೇ: ಕಟ್ಟಡದ ಕರೆಂಟು ಬಿಲ್ಲು ಅರ್ಧ ನಿರ್ಧಾರವಾಗೋದು ಬೀದಿಯಲ್ಲಿ. ಮುಂದಿನ ಸಲ ವಾರ್ಡಿನಲ್ಲಿ ಓಟು ಕೇಳಲು ಬಂದವರನ್ನು ಸ್ಮಾರ್ಟ್ ಸಿಟಿ ಬಗ್ಗೆ ಕೇಳಬೇಡಿ. ಪಕ್ಕದ ಗೋಡೆಗೂ ನಮ್ಮ ಕಿಟಕಿಗೂ ನಡುವೆ ಎಷ್ಟು ಅಡಿ ಬಿಡಿಸ್ತೀರಿ ಅಂತ ಕೇಳಿ. ಯಾವ ಜಾತಿಯ, ಎಷ್ಟು ಬಾಡಿಗೆಯ ಮನೆಯಾದರೂ ಸರಿ.