ಮೇರಿ ಕ್ಯೂರಿ: ಅಳೆದು ಕಲಿಸಿದ ಶಿಕ್ಷಕಿ

ಮೇರಿ ಕ್ಯೂರಿ 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾದಲ್ಲಿ ಶಿಕ್ಷಕ ದಂಪತಿಗಳ ಮಗಳಾಗಿ ಜನಿಸಿದರು. ಅಕ್ಕನ ವೈದ್ಯಕೀಯ ಓದಿಗೆ ನೆರವಾಗಲು ಮನೆಪಾಠ ಹೇಳಿದರು. ಆಳುವವರ ಕಣ್ಣು ತಪ್ಪಿಸಿ ರೈತರ ಮಕ್ಕಳಿಗೆ ತಾಯ್ನುಡಿ ಕಲಿಸಿದರು. 1891ರಲ್ಲಿ ಓದಲು ಪ್ಯಾರಿಸ್‌ಗೆ ಹೋದರು.

1896ರಲ್ಲಿ ಬೆಕೆರಲ್ ಯುರೇನಿಯಂನ ಕಿರಣಗಳನ್ನು ಗುರುತಿಸಿದರು. ಬೇರೆ ವಸ್ತುಗಳಲ್ಲೂ ಅವು ಇವೆಯೇ ಎಂದು ಮೇರಿ ಒಂದೊಂದನ್ನೇ ಅಳೆಯುತ್ತ ಹೋದರು. 1898ರಲ್ಲಿ ಥೋರಿಯಂ ಕೂಡ ವಿಕಿರಣ ಸೂಸುವುದು ತಿಳಿಯಿತು. ರಾಯಚೂರು, ಮಾನ್ವಿ, ದೇವದುರ್ಗದ ಹಿರಿಯರು ಕಂಡ ಪೆಟ್ರೋಮ್ಯಾಕ್ಸ್ ದೀಪದ ಹಳೆಯ ಮ್ಯಾಂಟಲ್‌ಗಳಲ್ಲಿ ಇದ್ದದ್ದು ಇದೇ ಥೋರಿಯಂ. ಅದೇ ವರ್ಷ ಪತಿ ಪಿಯರ್ ಜೊತೆಗೂಡಿ ಪೊಲೋನಿಯಂ, ರೇಡಿಯಂಗಳನ್ನು ಕಂಡುಹಿಡಿದರು. 1903 ಮತ್ತು 1911ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

1900ರಿಂದ ಅವರು ಸೆವ್ರ್ ಊರಿನ ಮಹಿಳಾ ಶಿಕ್ಷಕ ತರಬೇತಿ ಸಂಸ್ಥೆಯಲ್ಲಿ ಭೌತಶಾಸ್ತ್ರ ಬೋಧಿಸಿದರು. ಬರೀ ಉಪನ್ಯಾಸದ ಬದಲು ವಿದ್ಯಾರ್ಥಿನಿಯರ ಕೈಯಿಂದಲೇ ಪ್ರಯೋಗ ಮಾಡಿಸಿದರು.

ವರ್ಷಗಟ್ಟಲೆ ರೇಡಿಯಂ ಜೊತೆ ರಕ್ಷಣೆಯಿಲ್ಲದೆ ದುಡಿದ ಅವರು ಮಜ್ಜೆ ರಕ್ತ ಉತ್ಪಾದಿಸದ ರೋಗದಿಂದ 1934ರ ಜುಲೈ 4ರಂದು ನಿಧನರಾದರು. ಅವರ ಟಿಪ್ಪಣಿ ಪುಸ್ತಕಗಳನ್ನು ಇಂದಿಗೂ ಸೀಸದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಈ ಜೀವನವನ್ನು ಪಾಠವಾಗಿಸುವಾಗ ಮಕ್ಕಳಲ್ಲಿ ಭಯ ಹುಟ್ಟಬಾರದು, ಅಸಡ್ಡೆಯೂ ಬೆಳೆಯಬಾರದು. ನಮ್ಮ ಜಿಲ್ಲೆಯ ಗ್ರಾನೈಟ್ ಬಂಡೆ, ಮನೆಯ ಬಾಳೆಹಣ್ಣು ಎರಡರಲ್ಲೂ ವಿಕಿರಣವಿದೆ. ನಮ್ಮ ಮೈಯೊಳಗಿನ ಪೊಟ್ಯಾಸಿಯಂನಲ್ಲೇ ಸೆಕೆಂಡಿಗೆ ಸುಮಾರು 4,000 ಪರಮಾಣುಗಳು ಕ್ಷಯಿಸುತ್ತವೆ. ಇವುಗಳ ಪ್ರಮಾಣ ಅತ್ಯಲ್ಪ. ಮೇರಿ ಕೈಯಲ್ಲಿ ಹಿಡಿದ ರೇಡಿಯಂನದು ಅಪಾರ. ಆದ್ದರಿಂದ ತರಗತಿಯಲ್ಲಿ ವಿಕಿರಣ ಇದೆಯೇ ಎಂದು ಕೇಳಿ ನಿಲ್ಲಿಸದೆ, ಎಷ್ಟಿದೆ ಎಂದೂ ಕೇಳಿಸಬೇಕು.